ಐಲಿಯ ಟ್ರಕ್ಕಿನ ಹಸಿರು-ಬಿಳಿ ತಂತಿ

ಐಲಿ ರಾಂತಾಲ ಹಿತ್ತಿಲಲ್ಲಿ ಬಟ್ಟೆ ಒಣಹಾಕಿದ್ದನ್ನು ನೋಡಿದರೆ ಸಾಕು, ಅವಳು ಬದುಕಿನುದ್ದಕ್ಕೂ ಏನು ಕೆಲಸ ಮಾಡಿದವಳು ಎಂದು ತಿಳಿದವರು ಹೇಳಿಬಿಡುತ್ತಿದ್ದರು. ಹಗ್ಗದ ಮೇಲೆ ಮೊದಲು ನೀಲಿ, ಆಮೇಲೆ ಕಿತ್ತಳೆ, ಹಸಿರು, ಕಂದು, ಕಟ್ಟಕಡೆಗೆ ಬೂದು. ಟೆಲಿಫೋನ್ ಕೇಬಲ್ಲಿನ ಹೊಟ್ಟೆಯೊಳಗೆ ತಂತಿಗಳು ಮಲಗಿರುವ ಕ್ರಮ ಅದು. ಮಿನ್ನೆಸೋಟದ ಉತ್ತರದ ತುದಿಯಲ್ಲಿ, ಕಂಬ ಹತ್ತಿ, ಗುಂಡಿಗಿಳಿದು, ತುಂಡಾದ ಕೇಬಲ್ಲುಗಳಿಗೆ ಗಂಟು ಹಾಕುತ್ತಲೇ ಅವಳು ಕೂದಲು ನರೆಸಿಕೊಂಡಿದ್ದಳು. ಕಂಪನಿಯವರು ಕೇಕು ಕತ್ತರಿಸಿ ಬೀಳ್ಕೊಟ್ಟರು. ಕೆಲಸ ಬಿಟ್ಟುಹೋಯಿತು, ಕ್ರಮ ಬಿಡಲಿಲ್ಲ.

ಅವಳಿಗೆ ಒಂದು ಸಿದ್ಧಾಂತವಿತ್ತು: ಮನುಷ್ಯ ಸುಳ್ಳು ಹೇಳಿಯಾನು, ತಂತಿಯ ಬಣ್ಣ ಹೇಳಬಾರದು. ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, "ಹುಡುಕೋಕೆ ಪುರುಸೊತ್ತಾಗ್ಲಿಲ್ಲ" ಎನ್ನುತ್ತಿದ್ದಳು, ಕಳೆದುಹೋದ ಕೈಗವಸಿನ ಮಾತಾಡುವವಳಂತೆ.

ಟ್ಯಾಮರ್ಯಾಕ್ ಊರಿನ ಲೆಕ್ಕದಲ್ಲಿ ಅವಳಲ್ಲಿ ಎರಡು ಕೊರತೆಗಳಿದ್ದವು. ಒಂದು, ಅವಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ: ದಾರಿಯನ್ನಲ್ಲ, ಸಹಾಯವನ್ನಲ್ಲ, ಅಡುಗೆಯ ವಿಧಾನವನ್ನೂ ಅಲ್ಲ. ಇದನ್ನು ಊರು ಕ್ಷಮಿಸಿತ್ತು. ಫಿನ್‌ಲೆಂಡಿನಿಂದ ಬಂದ ಮನೆತನಗಳಲ್ಲಿ ಇಂಥವರು ಮನೆಗೊಬ್ಬರು ಇರುತ್ತಾರೆ. ಎರಡನೆಯದು ಕ್ಷಮಿಸಲಾಗದ್ದು. ಅವಳು ಐಸ್ ಹಾಕಿ ಆಟ ನೋಡುತ್ತಿರಲಿಲ್ಲ. ಶಾಲೆಯ ತಂಡದ ಹಸಿರು-ಬಿಳಿ ಬಣ್ಣ ಆ ಊರಿನ ಅಂಚೆಡಬ್ಬಿಗಳ ಮೇಲಿತ್ತು, ಚರ್ಚಿನ ಕುರ್ಚಿಗಳ ಮೇಲಿತ್ತು, ನಾಯಿಗಳ ಕೊರಳಪಟ್ಟಿಯ ಮೇಲಿತ್ತು. ಐಲಿ ಮಾತ್ರ ಪಂದ್ಯವಿದ್ದ ಸಂಜೆ ಒಂದೋ ಕಂಬದ ಮೇಲಿರುತ್ತಿದ್ದಳು, ಇಲ್ಲವೇ ಸೌನಾ ಎಂಬ ಹಬೆಸ್ನಾನದ ಕೋಣೆಯ ಬಿಸಿಯಲ್ಲಿ. "ಒಂದು ಕರೀ ಬಿಲ್ಲೆ ಹಿಂದೆ ಹನ್ನೆರಡು ಜನ ಓಡೋದನ್ನ ನೋಡೋಕೆ ನಾನು ಸ್ವೆಟರ್ ಹಾಕ್ಕೊಂಡು ಹೋಗ್ಬೇಕಾ?" ಎಂದು ಒಮ್ಮೆ ಅಂದಿದ್ದಳು. ಆ ಮಾತನ್ನು ಊರು ಮರೆತಿರಲಿಲ್ಲ.

ಹಿಂದಿನ ಶರತ್ಕಾಲದಲ್ಲಿ ಅವಳು ಪಕ್ಕದ ಊರಿನಿಂದ ಒಂದು ಹಳೆಯ ಟ್ರಕ್ಕು ಕೊಂಡಳು. ಕಂಪನಿಯ ಹೆಸರು ಬಾಗಿಲ ಮೇಲೆ ಇಲ್ಲದ, ತನ್ನದೇ ಆದ ಮೊದಲ ಗಾಡಿ ಅದು. ಎಂಜಿನ್ ನೋಡಿದಳು, ಚಾಸಿ ತಟ್ಟಿದಳು, ಚಕ್ರಗಳಡಿಗೆ ಇಣುಕಿದಳು, ಎಲ್ಲವೂ ಗಟ್ಟಿಯಾಗಿತ್ತು. ಮನೆಗೆ ತಂದ ಮೇಲೆ ಗೊತ್ತಾಯಿತು, ಅದು ಮೂಲತಃ ತನ್ನೂರಿನ ಹಾರ್ಲನ್ ವೀತಲನ ಟ್ರಕ್ಕು, ಅದರೊಳಗಿನ ಸ್ಟೀರಿಯೋ ಅವನೇ ಕೂರಿಸಿದ್ದು. ಹಾರ್ಲನ್ ಊರಿನ ಹಾಕಿ ಅಂಗಳದಲ್ಲಿ ಮಂಜುಗಡ್ಡೆ ನುಣುಪು ಮಾಡುವ ಯಂತ್ರ ಓಡಿಸುವವನು. ನಿಧಾನವಾಗಿ ಸುತ್ತು ಹಾಕುವುದೇ ಕೆಲಸವಾದ್ದರಿಂದ ಯೋಚನೆಗೆ ಅವನಿಗೆ ಬೇಕಾದಷ್ಟು ಬಿಡುವು ಸಿಗುತ್ತಿತ್ತು. ಆ ಯೋಚನೆಗಳು ಜಗತ್ತಿಗೆ ಒಳ್ಳೆಯದನ್ನು ಮಾಡಿದ್ದು ಕಡಿಮೆ.

ಸ್ಟೀರಿಂಗ್ ಕೆಳಗಿನ ಮುಚ್ಚಳ ತೆಗೆದು ಐಲಿ ಒಮ್ಮೆ ಒಳಗೆ ನೋಡಿದಳು. ಕಾಗೆ ಗೂಡಿಗೂ ಒಂದು ಅಚ್ಚುಕಟ್ಟು ಇರುತ್ತದೆ; ಇಲ್ಲಿ ಅದೂ ಇರಲಿಲ್ಲ. ಗಾಡಿಯ ಮೂಲ ಪ್ಲಗ್ಗನ್ನು ಬುಡಕ್ಕೇ ಕತ್ತರಿಸಿ, ಸೀಟಿನ ಹಿಂದಿನ ದೊಡ್ಡ ಸ್ಪೀಕರ್ ಪೆಟ್ಟಿಗೆಯವರೆಗೆ ಎರಡೇ ಬಣ್ಣದ ತಂತಿ ಎಳೆದಿದ್ದ. ಹಸಿರು ಮತ್ತು ಬಿಳಿ. ವಿದ್ಯುತ್ತು ಬರುವುದಕ್ಕೂ ಅದೇ, ಹೋಗುವುದಕ್ಕೂ ಅದೇ, ಹಾಡಿಗೂ ಅದೇ. ಗಂಟುಗಳಿಗೆಲ್ಲ ಹಾಕಿ ಆಟದ ಕೋಲಿಗೆ ಸುತ್ತುವ ಬಟ್ಟೆಯ ಟೇಪು. ಬೇರೆಯವರ ಬಚ್ಚಲಿನ ಬಾಗಿಲನ್ನು ತಪ್ಪಿ ತೆರೆದವಳಂತೆ ಐಲಿ ಥಟ್ಟನೆ ಮುಚ್ಚಳ ಮುಚ್ಚಿದಳು. ವಸಂತ ಬರಲಿ, ಬೆರಳು ಆಡುವಷ್ಟು ಬೆಚ್ಚಗಾಗಲಿ, ಎಲ್ಲ ಕಿತ್ತು ಹೊಸದಾಗಿ ಮಾಡೋಣ ಎಂದುಕೊಂಡಳು. ಅವಳು ಜೀವನದಲ್ಲಿ ಮುಂದಕ್ಕೆ ಹಾಕಿದ ಕೆಲಸ ಅದೊಂದೇ.

ಚಳಿಗಾಲವಿಡೀ ಟ್ರಕ್ಕು ತಕರಾರಿಲ್ಲದೆ ಓಡಿತು. ಎಡಕ್ಕೆ ತಿರುಗುವ ದೀಪ ಹಾಕಿದರೆ ರೇಡಿಯೋದ ದನಿ ಏರುತ್ತಿತ್ತು, ಅಷ್ಟೆ. ಐಲಿ ಆದಷ್ಟೂ ಬಲಕ್ಕೆ ತಿರುಗುತ್ತಿದ್ದಳು.

ಮಾರ್ಚ್ ಕೊನೆಗೆ ಬಂತು. ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ನಿಲ್ಲಿಸಿದ ಮರದ ಗುಡಿಸಲುಗಳನ್ನೆಲ್ಲ ದಡಕ್ಕೆ ಸಾಗಿಸಬೇಕಾದ ಕಾಲ. ಕೆರೆಯ ನಡುವಿನ ಮಂಜುಗಡ್ಡೆ ಇನ್ನೂ ಕಲ್ಲಿನಂತಿತ್ತು. ಮೊದಲು ಕರಗುವುದು ದಡದಂಚು. ಅಲ್ಲಿ ಊರಿನ ಅಗ್ನಿಶಾಮಕ ಸ್ವಯಂಸೇವಕರು ದಪ್ಪ ಹಲಗೆಗಳನ್ನು ಹಾಸಿ ದಾರಿ ಮಾಡಿದ್ದರು. ಇನ್ನು ಯಾವ ಗಾಡಿಯೂ ಕೆರೆಗೆ ಇಳಿಯಕೂಡದು, ಕೆರೆಯ ಮೇಲಿದ್ದವು ಮಾತ್ರ ಹೊರಬರಬಹುದು, ಮಧ್ಯಾಹ್ನ ಕಳೆಯುತ್ತಲೇ ಹಲಗೆ ಎತ್ತುತ್ತೇವೆ ಎಂದು ಸಾರಿದ್ದರು. ಆ ಹೊತ್ತಿಗೆ ಕೆರೆಯ ಮೇಲೆ ಉಳಿದದ್ದು ಎರಡೇ ಗಾಡಿ. ಒಂದು, ಎಂಜಿನ್ ಕಿತ್ತು, ಹಗ್ಗ ಬಿಗಿದು ನಿಲ್ಲಿಸಿದ್ದ ಗುಜರಿ ಕಾರು. ಅದು ಯಾವ ದಿನ ಮುಳುಗುತ್ತದೆಂದು ಊಹಿಸಿ, ದುಡ್ಡು ಕಟ್ಟಿ ಚೀಟಿ ಬರೆಯುವುದು ಊರಿನ ವಾಡಿಕೆ. ಗೆದ್ದವರಿಗೆ ಹೊಗೆಯಾಡಿಸಿದ ಮೀನಿನ ಬುಟ್ಟಿ, ಉಳಿದ ದುಡ್ಡು ಮಕ್ಕಳ ಸ್ಕೇಟುಗಳಿಗೆ. ಇನ್ನೊಂದು ಐಲಿಯ ಟ್ರಕ್ಕು.

ಅವಳು ಬೆಳಗಿನಿಂದ ಗುಡಿಸಲಿನ ಬುಡಕ್ಕೆ ಕಚ್ಚಿದ್ದ ಮಂಜುಗಡ್ಡೆಯನ್ನು ಒಬ್ಬಳೇ ಒಡೆದು, ಸರಪಳಿ ಸಿಕ್ಕಿಸಿ, ಟ್ರಕ್ಕು ಹತ್ತಿ ಕೀಲಿ ತಿರುಗಿಸಿದಳು. ಕೊರ್ ಕೊರ್ ಎಂದು ತಿರುಗಿತೇ ಹೊರತು ಎಂಜಿನ್ ಹತ್ತಿಕೊಳ್ಳಲಿಲ್ಲ. ಫ್ಯೂಸ್ ಡಬ್ಬಿ ತೆರೆದಳು. ಪೆಟ್ರೋಲ್ ಪಂಪಿನ ಫ್ಯೂಸು ಸುಟ್ಟಿತ್ತು; ಸ್ಟೀರಿಯೋದ ತಂತಿಯೂ ಅದೇ ಫ್ಯೂಸಿಗೆ ಜೋತುಬಿದ್ದಿತ್ತು. ಹಾರ್ನಿನದನ್ನು ಕಿತ್ತು ಅಲ್ಲಿ ಹಾಕಿದಳು. ಟಪ್! ಅದೂ ಹೋಯಿತು.

ಫೋನು ರಿಂಗಾಯಿತು. ದಡದಲ್ಲಿ ಮೀನಿನ ಎರೆ ಮಾರುವ ಅಂಗಡಿಯ ಬರ್ನೀಸ್ ಟಾಮ್‌ಚಕ್. ಕಿಟಕಿಯ ಪಕ್ಕದಲ್ಲಿ ಸದಾ ದುರ್ಬೀನು ಇಟ್ಟುಕೊಂಡವಳು, ಚೀಟಿಯ ಪೆಟ್ಟಿಗೆಯ ಒಡತಿಯೂ ಅವಳೇ.

"ಏನೇ ಐಲಿ, ಅಲ್ಲೇ ಸಂಸಾರ ಹೂಡಿಬಿಟ್ಯಾ?"

"ಎಂಜಿನ್ ಹತ್ತಿಕೊಳ್ತಿಲ್ಲ."

"ಇಲ್ಲಿ ಜನ ಕೇಳ್ತಿದಾರೆ ಕಣೆ, ನಿನ್ನ ಟ್ರಕ್ಕಿಗೂ ಚೀಟಿ ಬರೀಬಹುದಾ ಅಂತ."

"ಬರೀಲಿ. ಮುಳುಗಲ್ಲ ಅಂತ ನನ್ನ ಹೆಸರಲ್ಲೂ ಒಂದು ಬರಿ."

"ಹಂಗೆಲ್ಲ ಬರೆಯೋಕೆ ಬರಲ್ಲ, ನಿಯಮದಲ್ಲಿಲ್ಲ. ತಾರೀಖು ಹೇಳು."

"ಬರ್ನೀಸ್, ಫೋನಿಡು."

"ತಡಿ ತಡಿ. ಹಾರ್ಲನ್ನ ಕಳಿಸ್ಲಾ? ಆ ವೈರಿಂಗು ಅವನದೇ ಅಲ್ವಾ?"

"ಬೇಡ."

"ಹೊರಟಾಗಿದೆ ಬಿಡು. ನನ್ನ ಏಲಕ್ಕಿ ಬ್ರೆಡ್ಡೂ ಕೊಟ್ಟು ಕಳಿಸಿದೀನಿ. ಹಲಗೆ ಎತ್ತೋರು ಊಟಕ್ಕೆ ಕೂತಿದಾರೆ, ನಿಧಾನಕ್ಕೆ ತಿನ್ನಿ ಅಂತ ಹೇಳಿದೀನಿ. ಆದ್ರೆ ಅವರೆಷ್ಟು ನಿಧಾನಕ್ಕೆ ತಿಂದಾರು!"

ಐಲಿ ಮುಚ್ಚಳ ಕಿತ್ತೆಸೆದು, ಸೀಟಿನ ಮೇಲೆ ಅಂಗಾತ ಮಲಗಿ, ತಲೆಯನ್ನು ಪೆಡಲುಗಳ ಬಳಿಗೆ ತೂರಿಸಿದಳು. ಎಲ್ಲ ತಂತಿಗಳನ್ನೂ ಕತ್ತರಿಸಿ ಬಿಸಾಡುವ ಆಸೆಯೇನೋ ಕೈಯಲ್ಲಿ ಕುಣಿಯುತ್ತಿತ್ತು. ಆದರೆ ಮಹಾಶಯ ಗಾಡಿಯ ಪ್ಲಗ್ಗನ್ನೇ ಕತ್ತರಿಸಿದ್ದನಲ್ಲ, ಗಾಡಿಯ ಸ್ವಂತ ತಂತಿಗಳನ್ನೂ ಅದೇ ಹಸಿರು-ಬಿಳಿಯಲ್ಲಿ ಮತ್ತೆ ಜೋಡಿಸಿದ್ದ. ಯಾವುದು ಹಾಡಿನದು, ಯಾವುದು ಎಂಜಿನ್ನಿನದು ಎಂದು ತಿಳಿಯದೆ ಕತ್ತರಿಸಿದರೆ ಟ್ರಕ್ಕು ಗುಜರಿ ಕಾರಿನ ಜೊತೆಗಾರನಾಗುತ್ತಿತ್ತು.

ಹಾರ್ಲನ್ ಒಂದು ಕೈಬಂಡಿ ಎಳೆದುಕೊಂಡು ನಡೆದು ಬಂದ. ಹಸಿರು ಟೊಪ್ಪಿ, ಬಿಳಿ ಮೀಸೆ. ಬಂಡಿಯಲ್ಲಿ ಕಾಫಿಯ ಫ್ಲಾಸ್ಕು, ಬ್ರೆಡ್ಡು, ಮುಳುಗುವವರಿಗೆ ಎಸೆಯುವ ಕಿತ್ತಳೆ ಬಣ್ಣದ ಬಳೆ. ಬಾಗಿಲಾಚೆ ಚಾಚಿದ್ದ ಐಲಿಯ ಬೂಟುಗಳಿಗೆ ನಮಸ್ಕಾರ ಹೇಳಿದ.

"ಆ ಬಳೆ ಯಾರಿಗೆ?" ಬೂಟುಗಳ ಸಂದಿಯಿಂದ ನೋಡಿದ ಐಲಿಯ ದನಿ ಒಳಗಿನಿಂದ ಬಂತು.

"ನಿಂಗೇ. ಬರ್ನೀಸ್ ಕೊಟ್ಲು. ನೋಡೋಕೂ ಚೆನ್ನಾಗಿದೆ." ಅವನು ಬಗ್ಗಿ ಒಳಗೆ ಇಣುಕಿದ. ಅವನ ಮುಖ ಅರಳಿತು. "ಅಯ್ಯೋ, ನೋಡು! ಒಂದು ಗಂಟೂ ಅಲ್ಲಾಡಿಲ್ಲ! ಏನು ಕೈಕೆಲಸ ಮಾಡಿದೀನಿ ಅಂತೀನಿ!"

"ಕೈಯಲ್ಲಿ ಮಾಡಿದ್ದಾ ಇದು? ನಾನು ಕಾಲಲ್ಲಿ ಅಂದ್ಕೊಂಡಿದ್ದೆ."

"ನಾಲ್ಕು ಚಳಿಗಾಲ ಹಾಡಿದೆ ಮಹರಾಯ್ತಿ. ಕೆರೆಯಾಚೆಗೂ ಕೇಳಿಸ್ತಿತ್ತು."

"ಕೇಳಿದೀನಿ. ಕಂಬದ ಮೇಲಿದ್ದೆ."

"ಕರೆಂಟು ಅಳೆಯೋ ಮೀಟರ್ ಹಚ್ಚಿ ನೋಡಬಾರದಾ?"

"ಮೀಟರ್ ಕೆರೇಲಿದೆ."

"ಎಲ್ಲಿ?"

"ಕೆರೇಲಿ ಅಂದ್ನಲ್ಲ. ಫೆಬ್ರವರೀಲಿ ಗುಡಿಸಲಿನ ದೀಪ ಸರಿ ಮಾಡ್ತಿದ್ದೆ. ಮೀನಿನ ತೂತಿಗೆ ಬಿತ್ತು. ನಗಬೇಡ."

ಹಾರ್ಲನ್ ನಗಲಿಲ್ಲ, ಬೆನ್ನು ತಿರುಗಿಸಿ ಗುಜರಿ ಕಾರನ್ನು ಬಹಳ ಗಮನವಿಟ್ಟು ನೋಡಿದ. ಅವನ ಭುಜಗಳು ಮಾತ್ರ ಕುಲುಕುತ್ತಿದ್ದವು.

ಐಲಿ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಬುದ್ಧಿ ನೆಟ್ಟಗಿರುವ ಯಾರಾದರೂ ಎರಡೇ ಬಣ್ಣ ಬಳಸಿದರೆ ಒಂದನ್ನು ವಿದ್ಯುತ್ತಿಗೆ, ಇನ್ನೊಂದನ್ನು ಅದು ಹಿಂದಿರುಗಲು ಗಾಡಿಯ ಲೋಹದ ಮೈಗೆ ಎಂದು ಇಟ್ಟುಕೊಳ್ಳುತ್ತಾರೆ. ಸೀಟಿನ ಹಿಂದೆ ಸ್ಪೀಕರ್ ಪೆಟ್ಟಿಗೆಯ ಬಳಿ ಬಿಳಿ ತಂತಿ ಗಾಡಿಯ ಮೈಗೆ ಬಿಗಿದಿತ್ತು. ಹಾಗಾದರೆ ಮುಂದೆಯೂ ಬಿಳಿ ಮೈಗೇ ಸೇರಬೇಕು. ಸ್ಟೀರಿಂಗ್ ಕೆಳಗೆ ತೂಗಾಡುತ್ತಿದ್ದ ಒಂದು ಬಿಳಿ ತುದಿಯನ್ನು, ಕಳಚಿಕೊಂಡದ್ದು ಇದೇ ಇರಬೇಕೆಂದು ಮೈಗೆ ಕಟ್ಟಿ, ವೈಪರಿನ ಫ್ಯೂಸು ಹಾಕಿ ಕೀಲಿ ತಿರುಗಿಸಿದಳು. ಟಪ್! ಕಟ್ಟಿದ್ದನ್ನು ಬಿಚ್ಚಿ, ಪಕ್ಕದ ಇನ್ನೊಂದು ಬಿಳಿಯನ್ನು ಕಟ್ಟಿ, ಹೀಟರಿನ ಫ್ಯೂಸು ಹಾಕಿದಳು. ಟಪ್!

"ಅದಲ್ಲ," ಎಂದ ಹಾರ್ಲನ್, ಬ್ರೆಡ್ಡು ಅಗಿಯುತ್ತ.

"ಮಾತಾಡಬೇಡ."

"ಆಯ್ತು."

ಆ ಅಳತೆಯ ಫ್ಯೂಸು ಇನ್ನೊಂದೇ ಉಳಿದಿತ್ತು. ಐಲಿ ಎದ್ದು ಕೂತು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಮಂಜುಗಡ್ಡೆಯ ಮೇಲೆ ಬಿಸಿಲಿಗೆ ನೀರು ನಿಂತು ಹಾರ್ಲನ್ನನ ಬೂಟುಗಳ ಸುತ್ತ ಹೊಳೆಯುತ್ತಿತ್ತು. ದೂರದ ದಡದಲ್ಲಿ ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಫೋನು ಮತ್ತೆ ರಿಂಗಾಯಿತು.

"ಊಟ ಮುಗೀತು ಕಣೆ," ಎಂದಳು ಬರ್ನೀಸ್. ಈ ಸಲ ದನಿಯಲ್ಲಿ ನಗೆಯಿರಲಿಲ್ಲ. "ಕಡುಬು ಬಡಿಸ್ತಿದೀನಿ. ಅದಾದ ಮೇಲೆ ನನ್ನ ಹತ್ರ ಇನ್ನೇನೂ ಇಲ್ಲ. ಟ್ರಕ್ ಬಿಟ್ಟು ನಡ್ಕೊಂಡು ಬಂದುಬಿಡು. ತಗಡಿನ ಡಬ್ಬಿ ತಾನೆ, ಹೋದ್ರೆ ಹೋಗಲಿ."

ಐಲಿ ಫೋನಿಟ್ಟಳು. ತಗಡಿನ ಡಬ್ಬಿಯೇ, ನಿಜ. ಆದರೆ ಕಂಪನಿಯ ಗಾಡಿಗಳಲ್ಲಿ ಊರೂರು ಅಲೆದು, ಸಂಜೆ ಕೀಲಿಯನ್ನು ಮೊಳೆಗೆ ತೂಗುಹಾಕಿ ನಡೆದೇ ಮನೆಗೆ ಬರುತ್ತಿದ್ದವಳು ಅವಳು. ಈ ಟ್ರಕ್ಕಿನ ಕೀಲಿಯನ್ನು ಅವಳು ಯಾವ ಮೊಳೆಗೂ ಹಾಕಬೇಕಿರಲಿಲ್ಲ. ಅದನ್ನು ಕೆರೆಗೆ ಕೊಡುವುದೆಂದರೆ ಆಗುವ ಮಾತಲ್ಲ. ಕೊಡದಿರಲು ಒಂದೇ ದಾರಿ ಉಳಿದಿತ್ತು. ಆ ದಾರಿ ಬಾಗಿಲಾಚೆ ನಿಂತು ಮೀಸೆಯಿಂದ ಬ್ರೆಡ್ಡಿನ ಪುಡಿ ಒರೆಸಿಕೊಳ್ಳುತ್ತಿತ್ತು. ದವಡೆ ಹಲ್ಲು ಕೀಳಿಸಿಕೊಳ್ಳುವವಳಂತೆ ಅವಳು ಬಾಯಿ ತೆರೆದಳು.

"ಹಾರ್ಲನ್."

"ಮಾತಾಡಬೇಡ ಅಂದೆ."

"ಈಗ ಆಡು. ಇದನ್ನ ಹೇಗೆ ಮಾಡ್ದೆ ನೀನು? ಯಾವುದು ಯಾವುದಕ್ಕೆ?"

ಹಾರ್ಲನ್ ಫ್ಲಾಸ್ಕಿನ ಮುಚ್ಚಳವನ್ನು ಕೆಳಗಿಟ್ಟ. ಅರವತ್ತು ದಾಟಿದ ಅವನ ಬದುಕಿನಲ್ಲಿ ಯಾವ ಕೆಲಸವನ್ನೇ ಆಗಲಿ ಹೇಗೆ ಮಾಡಿದೆ ಎಂದು ಯಾರೂ ಕೇಳಿದ್ದಿಲ್ಲ. ಯಾಕೆ ಮಾಡಿದೆ ಎಂದು ಕೇಳಿದವರು ಬೇಕಾದಷ್ಟು ಮಂದಿ.

"ಸುಲಭ," ಎಂದ. "ಇದು ಎಲ್ರಿಗೂ ಗೊತ್ತಿರೋದೇ. ನಮ್ಮೂರಲ್ಲಿ ಆಡೋವಾಗ ನಮ್ಮ ಹುಡುಗ್ರು ಏನು ಹಾಕ್ತಾರೆ?"

"ಬಟ್ಟೆ."

"ಬಿಳೀದು! ಬಿಳಿ ಅಂಗಿ! ಪರವೂರಿಗೆ ಹೋದಾಗ ಹಸಿರು. ಡ್ರೈವರ್ ಕೂರೋ ಜಾಗ ನಮ್ಮೂರು, ಅಲ್ವಾ? ಅದಕ್ಕೇ ಮುಂದುಗಡೆ ಬಿಳೀಲಿ ಕರೆಂಟು. ಹಸಿರು ಎದುರಾಳಿ, ಗಾಡಿ ಮೈಗೆ. ಸೀಟಿನ ಹಿಂದೆ ಪರವೂರು. ಅಲ್ಲಿ ಹಸಿರಲ್ಲಿ ಕರೆಂಟು."

ಐಲಿ ಅವನನ್ನೇ ನೋಡುತ್ತ ಕೂತಳು. ಬಣ್ಣ ಸುಳ್ಳು ಹೇಳಿರಲಿಲ್ಲ. ಅರ್ಧ ದಾರಿಯಲ್ಲಿ ಅಂಗಿ ಬದಲಾಯಿಸಿತ್ತು. ವೈಪರಿನ, ಹೀಟರಿನ ಎರಡೂ ಫ್ಯೂಸುಗಳು ಕರೆಂಟಿರುವ ತಂತಿಯನ್ನು ತಾನೇ ಗಾಡಿಯ ಮೈಗೆ ಕಟ್ಟಿದ್ದರಿಂದ ಸುಟ್ಟಿದ್ದವು. ಇಡೀ ಟ್ಯಾಮರ್ಯಾಕಿನಲ್ಲಿ ಈ ತಪ್ಪು ಮಾಡಬಲ್ಲವಳು ಅವಳೊಬ್ಬಳೇ.

"ಗಾಡಿಯ ಸ್ವಂತ ತಂತಿಗಳು?"

"ಅವು ಯಾವ ಕಡೇನೂ ಅಲ್ಲ. ರೆಫರಿಗಳು. ಎರಡೂ ಬಣ್ಣ ಸೇರಿಸಿ ಹೊಸೆದಿದೀನಿ ನೋಡು, ಪಟ್ಟೆ ಪಟ್ಟೆ. ರೆಫರಿ ಅಂಗಿ ಥರ. ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಬಿಳಿ ಹಸಿರಾಗೋದು ಎಲ್ಲಿ?"

"ಇನ್ನೆಲ್ಲಿ? ನಡುಗೆರೇಲಿ! ಸೀಟಿನ ಕೆಳಗೆ. ಅಂಗಳದಲ್ಲಿ ನಡುಗೆರೆ ಕೆಂಪಿರುತ್ತಲ್ಲ, ಅದಕ್ಕೇ ಕೆಂಪು ಟೇಪು ಸುತ್ತಿದೀನಿ."

ಐಲಿ ಸೀಟಿನ ಮುಂದೆ ಮಂಡಿಯೂರಿ ನೆಲಹಾಸನ್ನು ಕಿತ್ತಳು. ಅಡಿಯಲ್ಲಿ ನೀರು. ಚಳಿಗಾಲವಿಡೀ ಬೂಟಿಗೆ ಅಂಟಿಬಂದ ಹಿಮ ಅಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಬಿಸಿಲು ಬಂದ ಕೂಡಲೇ ಕರಗಿ ಕೊಳವಾಗಿತ್ತು. ಹಾಕಿ ಟೇಪು ಬಟ್ಟೆ ತಾನೆ. ನೀರು ಕುಡಿದು, ಗೋಂದು ಬಿಟ್ಟು, ಜಾರಿದ ಕಾಲುಚೀಲದಂತೆ ಬಿದ್ದುಕೊಂಡಿತ್ತು. ಅದರ ಪಕ್ಕದಲ್ಲಿ ಬತ್ತಲೆ ತಾಮ್ರದ ಗಂಟು ಸೀಟಿನ ಬೋಲ್ಟಿಗೆ ಮುತ್ತಿಡುತ್ತಿತ್ತು.

"ಇಗೋ ನಿನ್ನ ನಡುಗೆರೆ," ಎಂದಳು.

ಹಾರ್ಲನ್ ಬಗ್ಗಿ ನೋಡಿದ. "ಚಳೀಲಿ ಗಟ್ಟಿಯಾಗೇ ಇತ್ತಲ್ಲ."

"ಚಳೀಲಿ ಎಲ್ಲಾನೂ ಗಟ್ಟಿಯಾಗೇ ಇರುತ್ತೆ. ಈ ಕೆರೇನೂ."

ಅವಳು ಗಂಟನ್ನು ಬಿಚ್ಚಿ, ಅಂಗಿಯ ತುದಿಯಿಂದ ಒರೆಸಿ ಒಣಗಿಸಿದಳು. ಒಣ ಟೇಪು ಇಬ್ಬರ ಬಳಿಯೂ ಇರಲಿಲ್ಲ. ಹಾರ್ಲನ್ನನ ಜೇಬಿನಲ್ಲಿ ಹಾಕಿ ಟೇಪಿನ ಸುರುಳಿಯೊಂದು ಇತ್ತು. ಅವನು ಅದನ್ನು ಹೊರತೆಗೆದ, ಐಲಿಯ ಮುಖ ನೋಡಿ ಮತ್ತೆ ಒಳಗಿಟ್ಟ. ಅವಳು ಮೀನಿನ ಪೆಟ್ಟಿಗೆ ತೆರೆದಳು. ಗಾಳದ ಕೊಕ್ಕೆಗೆ ತೊಡಿಸುವ ರಬ್ಬರಿನ ಹುಳುಗಳಿದ್ದವು, ಕೊಳವೆಯಂತೆ ಒಳಗೆ ಟೊಳ್ಳು. ಒಂದರ ತಲೆಯನ್ನು ಚಾಕುವಿನಿಂದ ಹಾರಿಸಿ ತಂತಿಗೆ ಪೋಣಿಸಿದಳು, ತಂತಿಗಳನ್ನು ತನ್ನ ಹಳೆಯ ಕೆಲಸದ ರೀತಿಯಲ್ಲಿ ಬಿಗಿಯಾಗಿ ಹೊಸೆದಳು, ಹುಳುವನ್ನು ಗಂಟಿನ ಮೇಲಕ್ಕೆ ಎಳೆದಳು. ಆಮೇಲೆ ಮೀನಿನ ದಾರದಿಂದ ಅದನ್ನು ಬೋಲ್ಟಿಗೆ ಎಟುಕದಂತೆ ಸೀಟಿನ ಅಡಿಗೆ ಎತ್ತಿ ಕಟ್ಟಿದಳು.

ಸ್ಟೀರಿಂಗ್ ಕೆಳಗೆ ಕಟ್ಟಿದ್ದ ಬಿಳಿ ತುದಿಯನ್ನು ಅವಳು ಬಿಡಿಸಿ, ಮೊದಲು ಬಿಚ್ಚಿದ್ದರ ಪಕ್ಕಕ್ಕೆ ಹಿಡಿದಳು. "ಇವನ್ನ ಯಾತಕ್ಕೆ ಬಿಟ್ಟಿದ್ದೆ?"

"ಅವು ಬದಲಿ ಆಟಗಾರರು. ಬೆಂಚಲ್ಲಿ ಕೂರೋರು."

ಐಲಿ ಬದಲಿ ಆಟಗಾರರಿಗೂ ಒಂದೊಂದು ರಬ್ಬರ್ ಹುಳು ತೊಡಿಸಿ ಬೆಂಚಿಗೆ ಕಳಿಸಿದಳು. ಕೊನೆಯ ಫ್ಯೂಸನ್ನು ಕೂರಿಸಿದಳು. ಕೀಲಿಗೆ ಕೈಯಿಟ್ಟು ಒಂದು ಗಳಿಗೆ ನಿಂತಳು.

"ಪ್ರಾರ್ಥನೆ ಮಾಡ್ತಿದೀಯಾ?" ಎಂದು ಕೇಳಿದ ಹಾರ್ಲನ್.

"ಲೆಕ್ಕ ಹಾಕ್ತಿದೀನಿ. ದೂರ ಸರಿ."

ಕೀಲಿ ತಿರುಗಿತು. ಎಂಜಿನ್ ಒಮ್ಮೆ ಕೆಮ್ಮಿ, ಗುಟುರು ಹಾಕಿ ಹತ್ತಿಕೊಂಡಿತು. ಅದರ ಜೊತೆಗೇ ಸೀಟಿನ ಹಿಂದಿನ ಪೆಟ್ಟಿಗೆಯಿಂದ ಪೋಲ್ಕಾ ಕುಣಿತದ ಅಕಾರ್ಡಿಯನ್ ಸಂಗೀತ ಕೆರೆಯ ಮೇಲೆ ಸಿಡಿಯಿತು. ಎಡ ದೀಪದ ಕಡ್ಡಿ ಅವಳ ಮೊಣಕೈ ತಾಗಿ ಕೆಳಗಿಳಿದಿತ್ತು. ದಡದ ಕುರ್ಚಿಗಳಲ್ಲಿದ್ದವರೆಲ್ಲ ಎದ್ದು ನಿಂತರು. ಐಲಿ ದನಿ ತಗ್ಗಿಸಲು ಹೋಗಲಿಲ್ಲ. ಆ ಗುಬಟು ಎಲ್ಲಿದೆಯೆಂದು ಹುಡುಕುವ ಹೊತ್ತು ಅದಲ್ಲ. ಹಾರ್ಲನ್ ಕಿತ್ತಳೆ ಬಳೆಯನ್ನು ಕೊರಳಿಗೆ ಹಾಕಿಕೊಂಡು, ಭಾರ ಹೆಚ್ಚದಿರಲೆಂದು ಬಂಡಿ ಎಳೆಯುತ್ತ ದೂರದಿಂದ ಹಿಂಬಾಲಿಸಿದ. ಟ್ರಕ್ಕು, ಅದರ ಹಿಂದೆ ಹೊಯ್ದಾಡುವ ಗುಡಿಸಲು, ಅದರ ಹಿಂದೆ ಹಾರ್ಲನ್. ಪೋಲ್ಕಾದ ತಾಳಕ್ಕೆ ಮೂರೂ ದಡ ಸೇರಿದವು. ಕೊನೆಯ ಹಲಗೆ ಟ್ರಕ್ಕಿನಡಿಯಲ್ಲಿ ನರಳಿ, ನೀರು ಚಿಮ್ಮಿಸಿ, ಮತ್ತೆ ತೇಲಿತು.

ಬರ್ನೀಸ್ ಅಂಗಡಿಯ ಮೆಟ್ಟಿಲ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ನಿನ್ನ ಟ್ರಕ್ಕು ಇವತ್ತೇ ಮುಳುಗುತ್ತೆ ಅಂತ ಆರು ಜನ ಬರೆದಿದ್ರು ಕಣೆ! ಎಲ್ಲರ ಹೊಟ್ಟೆ ಉರಿಸಿದೆ."

"ನೀನು ಯಾವತ್ತಿಗೆ ಬರೆದಿದ್ದೆ?"

ಬರ್ನೀಸ್ ಏಪ್ರನ್ನಿಗೆ ಕೈ ಒರೆಸಿಕೊಂಡು ಒಳಗೆ ಹೋದಳು.

ಗುಜರಿ ಕಾರು ಅವತ್ತು ಮುಳುಗಲಿಲ್ಲ, ಮರುವಾರವೂ ಮುಳುಗಲಿಲ್ಲ. ಏಪ್ರಿಲ್ ಅರ್ಧ ಕಳೆಯುವವರೆಗೆ ಊರನ್ನು ಅಣಕಿಸುತ್ತ ನಿಂತಿತ್ತು. ಐಲಿ ಅಷ್ಟರಲ್ಲಿ ಟ್ರಕ್ಕಿನ ಒಡಲನ್ನು ಬಗೆದು, ಕೆಂಪು, ಕಪ್ಪು, ಹಳದಿ ತಂತಿಗಳನ್ನು ನೂಲು ಹಿಡಿದಂತೆ ಎಳೆದು, ಎಲ್ಲವನ್ನೂ ಅದರದರ ಜಾಗದಲ್ಲಿ ಕೂರಿಸಿದ್ದಳು. ಸ್ಪೀಕರ್ ಪೆಟ್ಟಿಗೆಯನ್ನು ಮಾತ್ರ ಉಳಿಸಿಕೊಂಡಳು. ಕಾರಣ ಹೇಳಲಿಲ್ಲ, ಆದರೆ ಮಂಗಳವಾರದ ಪೋಲ್ಕಾ ಕಾರ್ಯಕ್ರಮದ ಹೊತ್ತಿಗೆ ಟ್ರಕ್ಕಿನಲ್ಲಿ ಅವಳು ಕೆರೆ ಸುತ್ತಿ ಬರುವುದನ್ನು ಊರು ಗಮನಿಸಿತು. ಈಗ ಎಡಕ್ಕೂ ತಿರುಗುತ್ತಿದ್ದಳು.

ಕಿತ್ತ ಹಸಿರು-ಬಿಳಿ ತಂತಿಯನ್ನು ಹಾರ್ಲನ್ ವಾಪಸ್ ಕೇಳಿದ. ಅವಳು ಅದನ್ನು ಗುಂಡಗೆ ಸುತ್ತಿ, ನಾಲ್ಕು ಕಡೆ ದಾರ ಕಟ್ಟಿ ಕೊಟ್ಟಳು. ಅಂಥ ಸುರುಳಿಯನ್ನು ಬಿಚ್ಚಲು ಅವನಿಗೆ ಮನಸ್ಸೇ ಬರಲಿಲ್ಲವಂತೆ. ಆದರೂ ಬಿಚ್ಚಿದ.

ಡಿಸೆಂಬರಿನಲ್ಲಿ, ಮೊದಲ ಪಂದ್ಯದ ದಿನ, ಹಾಕಿ ಅಂಗಳದ ಧ್ವನಿವರ್ಧಕ ಆಟಗಾರರ ಹೆಸರು ಓದುತ್ತಿರುವಾಗಲೇ ಉಸಿರು ಬಿಟ್ಟಿತು. ಯಾರೋ ಓಡಿಹೋಗಿ ಐಲಿಯನ್ನು ಸೌನಾದಿಂದ ಎಬ್ಬಿಸಿ ತಂದರು. ಕೆಂಪಗೆ ಬೆಂದ ಮುಖ, ಒದ್ದೆ ಕೂದಲು. ಯಾರ ಮುಖವನ್ನೂ ನೋಡದೆ ಅವಳು ಏಣಿ ಹತ್ತಿ ತೊಲೆಯ ಮೇಲಿನ ಪೆಟ್ಟಿಗೆ ತೆರೆದಳು. ಒಳಗೆ ಹಸಿರು, ಬಿಳಿ, ಹಾಕಿ ಟೇಪು.

ಇಡೀ ಊರು ಕತ್ತೆತ್ತಿ ನೋಡುತ್ತಿತ್ತು. ಐಲಿ ಕೆಳಗೆ ನೋಡಿ, ಮಂಜುಗಡ್ಡೆ ನುಣುಪು ಮಾಡುವ ಯಂತ್ರದ ಮೇಲೆ ಕೂತಿದ್ದ ಹಾರ್ಲನ್ನನನ್ನು ಹುಡುಕಿ, ಗಟ್ಟಿಯಾಗಿ ಕೇಳಿದಳು:

"ಹಾರ್ಲನ್! ಇಲ್ಲಿ ಮೇಲೆ ನಮ್ಮೂರಾ, ಪರವೂರಾ?"